ಪೆನ್ನಿನಲ್ಲಿ ಬರೆದ ಒಂದು ಪದ

ಕಂಡದ್ದು ಪೆನ್ನಿನಲ್ಲಿ, ಅಂದುಕೊಂಡದ್ದು ಪೆನ್ಸಿಲಿನಲ್ಲಿ. ವಿಜ್ಞಾನದ ಟೀಚರ್ ಎಂಟನೇ ತರಗತಿಗೆ ಮೊದಲ ದಿನವೇ ಹಾಕಿದ ಕಟ್ಟಳೆ ಇದು. ಕಣ್ಣಾರೆ ನೋಡಿದ್ದೀಯಾ, ಕೈಯಾರೆ ಅಳೆದಿದ್ದೀಯಾ, ಹಾಗಿದ್ದರೆ ಪೆನ್ನಲ್ಲಿ ಬರಿ. ಹೀಗಿರಬಹುದು ಅಂತ ಬರೀ ಅನ್ನಿಸಿದೆಯಾ, ಪೆನ್ಸಿಲಲ್ಲಿ ಬರಿ, ಅಳೆದಾದ ಮೇಲೆ ನೋಡೋಣ. ಇನ್ನು ಪೆನ್ನಲ್ಲಿ ಬರೆದದ್ದು ತಪ್ಪು ಅಂತ ಆಮೇಲೆ ಗೊತ್ತಾದರೆ ಹಾಳೆ ಹರಿಯುವಂತಿಲ್ಲ, ಗೀಚಿ ಗೀಚಿ ಮುಚ್ಚುವಂತಿಲ್ಲ. ಅದರ ಮೇಲೆ ಒಂದೇ ಒಂದು ಗೆರೆ ಎಳೆದು, ಕೆಳಗಿನ ಅಕ್ಷರ ಕಾಣುವ ಹಾಗೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಮಕ್ಕಳು ಅವಳಿಗೆ ಪೆನ್ಸಿಲ್ ಟೀಚರ್ ಅಂತ ಹೆಸರಿಟ್ಟಿದ್ದರು. ಅವಳಿಗೆ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಒಳ್ಳೆಯ ಟೀಚರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೋಪ ಮಾತ್ರ ಸದಾ ಮೂಗಿನ ತುದಿಯಲ್ಲೇ. ಆ ಕೋಪವೇ ಅವಳ ಕೈಯಲ್ಲಿ ಈ ಕಟ್ಟಳೆಯನ್ನು ಮುರಿಸಿತು. ಅದೂ ಒಂದೇ ಒಂದು ಪದದಲ್ಲಿ.

ಆದದ್ದು ಇಷ್ಟು. ಪ್ರಯೋಗಶಾಲೆಗೆ ಗಾಜಿನ ಸಾಮಾನು ಬೇಕು ಅಂತ ಎರಡು ವರ್ಷ ಬೆನ್ನು ಬಿಡದೆ ಅರ್ಜಿ ಬರೆದಿದ್ದಳು. ಕೊನೆಗೂ ಒಂದು ಶುಕ್ರವಾರ ಪೆಟ್ಟಿಗೆ ಬಂತು. ಕೆಳಗಿನ ಆಫೀಸಿನಲ್ಲಿ ತಾನೇ ಬಿಚ್ಚಿ, ಬೀಕರುಗಳನ್ನೂ ಅಳತೆ ಜಾಡಿಗಳನ್ನೂ ಒಂದೊಂದಾಗಿ ಒರೆಸಿ, ದೊಡ್ಡ ಟ್ರೇಯಲ್ಲಿ ಜೋಡಿಸಿ, ಮಹಡಿಗೆ ಒಯ್ಯಿರಿ ಅಂತ ಗಂಟೆಯಮ್ಮನ ಕೈಗೆ ಕೊಟ್ಟಳು. ಗಂಟೆಯಮ್ಮ ಅಂದರೆ ಆ ಶಾಲೆಯ ಆಯಾ. ಇಪ್ಪತ್ತೊಂದು ವರ್ಷದಿಂದ ಗಂಟೆ ಹೊಡೆಯುವವಳು ಅವಳೇ, ಬೀಗ ತೆಗೆಯುವವಳು ಅವಳೇ, ಬಿದ್ದ ಮಕ್ಕಳ ಮೊಣಕಾಲು ತೊಳೆಯುವವಳೂ ಅವಳೇ. ಗಡಿಯಾರ ನಿಂತ ದಿನವೂ ಅವಳ ಗಂಟೆ ತಪ್ಪಿದ್ದಿಲ್ಲ.

ಹದಿನೇಳು ಮೆಟ್ಟಿಲು. ಹದಿನಾರು ಹತ್ತಿದಳು. ಆಮೇಲೆ ಕೇಳಿಸಿದ್ದು ಇಡೀ ಕಟ್ಟಡ ನಡುಗುವ ಹಾಗೆ ಫಳಾರ್ ಅನ್ನುವ ಸದ್ದು.

ಟೀಚರ್ ಓಡಿಬಂದಳು. ಅವಳ ಕಣ್ಣು ಮೊದಲು ಹೋದದ್ದು ಗಾಜಿನ ಕಡೆಗೆ. ಗಂಟೆಯಮ್ಮನ ಕಡೆಗೆ ಆಮೇಲೆ. ಇದನ್ನು ಅವಳು ಮುಂದೆ ಎಷ್ಟು ಸಲ ನೆನೆದು ನಾಚಿಕೊಂಡಳೋ ಲೆಕ್ಕವಿಲ್ಲ. ಗಂಟೆಯಮ್ಮ ಎಡಗೈ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದು ಕೂತು, "ಒಡೆದೋಯ್ತಲ್ಲ ಟೀಚರಮ್ಮ, ಎಲ್ಲಾ ಒಡೆದೋಯ್ತಲ್ಲ" ಅನ್ನುತ್ತಿದ್ದಳು. ಮುರಿದದ್ದು ತನ್ನ ಕೈ ಅನ್ನುವುದು ಅವಳಿಗೂ ಇನ್ನೂ ತಿಳಿದಿರಲಿಲ್ಲ.

ಅವಳನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಟೀಚರ್ ಚೂರುಗಳನ್ನು ಗುಡಿಸಿದಳು. ಹೊಟ್ಟೆ ಉರಿದುಹೋಗುತ್ತಿತ್ತು. ಒಡೆದ ಸಾಮಾನಿನ ಪುಸ್ತಕ ತೆಗೆದು, ಪಟ್ಟಿ ಬರೆದು, 'ಒಡೆಯಲು ಕಾರಣ' ಅನ್ನುವ ಕಡೆ ನೀಲಿ ಪೆನ್ನಿನಲ್ಲಿ ಒತ್ತಿ ಬರೆದಳು: ಆಯಾಳ ಅಜಾಗರೂಕತೆ.

ಸೋಮವಾರ ಬೆಳಿಗ್ಗೆ ಹೆಡ್‌ಮಾಸ್ಟರು ಅವಳನ್ನು ತಮ್ಮ ಕೋಣೆಗೆ ಕರೆಸಿದರು. ಮಹಡಿಯ ಮೇಲೆ, ಮೆಟ್ಟಿಲು ಮುಗಿದ ಕೂಡಲೆ ಎದುರಿಗೇ ಸಿಗುವ ಕೋಣೆ ಅದು. ಕೆಟ್ಟ ಮನುಷ್ಯರಲ್ಲ. ಶಾಲೆ ಫಳಫಳ ಹೊಳೆಯಬೇಕು, ಮಕ್ಕಳು ಸದ್ದಿಲ್ಲದೆ ಓಡಾಡಬೇಕು, ಅಷ್ಟಾದರೆ ಅವರಿಗೆ ಜಗತ್ತು ಸರಿಯಾಗಿದ್ದ ಹಾಗೆ.

"ಶುಕ್ರವಾರ ಆಡಳಿತ ಮಂಡಳಿ ಸಭೆ ಇದೆ ಮೇಡಂ. ಗಂಟೆಯಮ್ಮನ್ನ ಕೆಲಸದಿಂದ ಬಿಡಿಸಿಬಿಡೋದು ವಾಸಿ ಅಂತ ನನ್ನ ಅಭಿಪ್ರಾಯ. ವಯಸ್ಸಾಯ್ತು, ಕಾಲು ಗಟ್ಟಿಯಿಲ್ಲ. ನಾಳೆ ಯಾವುದಾದ್ರೂ ಮಗೂನ ಎತ್ಕೊಂಡು ಬಿದ್ರೆ ಯಾರು ಜವಾಬ್ದಾರಿ? ನೀವೇ ಪುಸ್ತಕದಲ್ಲಿ ಬರೆದಿದ್ದೀರಲ್ಲ, ಅದನ್ನೇ ಸಭೆ ಮುಂದೆ ಇಡ್ತೀನಿ."

ಟೀಚರ್‌ಗೆ ಪಾಪ ಅನ್ನಿಸಿತು. ಗಂಡನಿಲ್ಲದ, ಮಕ್ಕಳಿಲ್ಲದ ಹೆಂಗಸು. ಈ ಶಾಲೆ ಬಿಟ್ಟರೆ ಅವಳಿಗೆ ಹೋಗಲು ಜಾಗವಿಲ್ಲ. ಆದರೆ ಬರೆದದ್ದು ತಪ್ಪು ಅಂತ ಮಾತ್ರ ಆಗ ಅನ್ನಿಸಲಿಲ್ಲ. ಒಡೆದದ್ದು ನಿಜ ತಾನೇ? ಬಿದ್ದದ್ದು ನಿಜ ತಾನೇ?

ಅವತ್ತು ಪಾಠ ಇದ್ದದ್ದು ಅಳತೆಯ ಬಗ್ಗೆ. ಅಳೆಯಲು ಜಾಡಿ ಇಲ್ಲ, ಬೀಕರು ಇಲ್ಲ. ಮೂವತ್ತನಾಲ್ಕು ಮಕ್ಕಳು ಅವಳ ಮುಖ ನೋಡುತ್ತಾ ಕೂತಿದ್ದರು. ಮೊದಲ ಸಾಲಿನ ಹುಡುಗಿ ಎದ್ದು ನಿಂತಳು. ಅವಳನ್ನು ಎಲ್ಲರೂ ಕರೆಯುವುದು ಯಾಕಮ್ಮ ಅಂತ. ಅವಳ ಬಾಯಿಂದ 'ಯಾಕೆ' ಬಿಟ್ಟು ಬೇರೆ ಮಾತು ಬಂದದ್ದನ್ನು ಕೇಳಿದವರು ಕಡಿಮೆ.

"ಟೀಚರ್, ಗಂಟೆಯಮ್ಮ ಯಾಕೆ ಬಿದ್ರು?"

"ನೋಡ್ಕೊಂಡು ಹತ್ತಲಿಲ್ಲ, ಬಿದ್ರು. ಕೂತ್ಕೋ."

"ಎಲ್ಲರೂ ಅಲ್ಲೇ ಎಡವ್ತಾರಲ್ಲ ಟೀಚರ್," ಅಂದ ಹಿಂದಿನ ಬೆಂಚಿನವನೊಬ್ಬ. "ಅದು ತಲೆಬಾಗೋ ಮೆಟ್ಟಿಲು."

ತರಗತಿ ಗೊಳ್ಳೆಂದಿತು. ಟೀಚರ್ ಅರ್ಥವಾಗದೆ ನಿಂತಳು. ಆಮೇಲೆ ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ಹೇಳಿದ್ದು ಇಷ್ಟು. ಮಹಡಿಯ ಕೊನೆಯ ಮೆಟ್ಟಿಲಿನಲ್ಲಿ ಕಾಲು ತಗುಲಿ ಎಲ್ಲರೂ ಮುಂದಕ್ಕೆ ಬಗ್ಗುತ್ತಾರೆ. ಎದುರಿಗೇ ಹೆಡ್‌ಮಾಸ್ಟರ ಬಾಗಿಲು. ಬಗ್ಗಿದವರನ್ನು ನೋಡಿ ಅವರು, ಎಷ್ಟು ವಿನಯ ಈ ಮಕ್ಕಳಿಗೆ ಅಂತ ಒಳಗಿನಿಂದಲೇ ತಲೆಯಾಡಿಸುತ್ತಾರೆ.

ಟೀಚರ್ ನಗಲಿಲ್ಲ. ಅವಳಿಗೆ ತನ್ನ ಚಪ್ಪಲಿ ನೆನಪಾಯಿತು. ರಜೆ ಮುಗಿದು ಶಾಲೆ ಶುರುವಾದ ವಾರವೇ ಆ ಮೆಟ್ಟಿಲಲ್ಲಿ ಎಡವಿ, ಹಾಳು ಚಪ್ಪಲಿ ಅಂತ ಬೈದು, ಹೊಸ ಜೊತೆ ಕೊಂಡಿದ್ದಳು.

"ಏಳಿ ಎಲ್ಲರೂ," ಅಂದಳು. "ಪುಸ್ತಕ, ಪೆನ್ನು, ಪೆನ್ಸಿಲು. ಇವತ್ತಿನ ಪಾಠ ಮೆಟ್ಟಿಲ ಮೇಲೆ."

ಮೊದಲು ಪೆನ್ಸಿಲು. ಜನ ಯಾಕೆ ಎಡವುತ್ತಾರೆ? ಒಬ್ಬೊಬ್ಬರೂ ಒಂದೊಂದು ಬರೆದರು. ಓಡುವುದರಿಂದ. ರಜೆಯಲ್ಲಿ ಮಹಡಿಗೆ ಹಾಕಿಸಿದ ಹೊಸ ಟೈಲ್ಸ್ ಜಾರುವುದರಿಂದ. ಮಾತಾಡಿಕೊಂಡು ಹತ್ತುವುದರಿಂದ. ಹೆಡ್‌ಮಾಸ್ಟರ ಮುಖ ಕಂಡು ಕಾಲು ನಡುಗುವುದರಿಂದ. ಇದನ್ನು ಬರೆದವನಿಗೆ ಟೀಚರ್ ಕಣ್ಣು ಬಿಟ್ಟಳು, ಆದರೆ ಅದನ್ನು ಅಳಿಸಿ ಹಾಕಿಸಲಿಲ್ಲ. ಪೆನ್ಸಿಲಿನಲ್ಲಿ ಏನು ಬೇಕಾದರೂ ಬರೆಯಬಹುದು. ಅವಳು ತನ್ನ ಊಹೆಯನ್ನೂ ಬರೆದಳು: ಬೆಳಿಗ್ಗೆ ಒರೆಸಿದ ನೆಲ ಒಣಗಿರುವುದಿಲ್ಲ.

ಆಮೇಲೆ ಎಣಿಕೆ. ಎರಡು ದಿನ, ಬಿಡುವಿನ ಹೊತ್ತಿನಲ್ಲೆಲ್ಲ ನಾಲ್ಕು ನಾಲ್ಕು ಮಕ್ಕಳು ಮೆಟ್ಟಿಲ ಪಕ್ಕ ಕೂತು ಹತ್ತುವವರನ್ನು ಎಣಿಸಿದರು. ನಡೆದು ಹೋದವರು, ಓಡಿ ಹೋದವರು, ಮಾತಾಡುತ್ತಾ ಹೋದವರು, ಸುಮ್ಮನೆ ಹೋದವರು. ಮುನ್ನೂರ ಹನ್ನೆರಡು ಸಲ ಜನ ಹತ್ತಿದರು. ಮೊದಲ ಹದಿನಾರು ಮೆಟ್ಟಿಲುಗಳಲ್ಲಿ ಒಟ್ಟು ಎಡವಿದ್ದು ಇಬ್ಬರು. ಹದಿನೇಳನೆಯದರಲ್ಲಿ ಐವತ್ತೆಂಟು. ಓಡಿದವರೂ ಎಡವಿದರು, ನಡೆದವರೂ ಎಡವಿದರು. ನೆಲ ಒದ್ದೆಯಿದ್ದಾಗಲೂ ಅಷ್ಟೇ, ಮಧ್ಯಾಹ್ನ ಪೂರ್ತಿ ಒಣಗಿದ್ದಾಗಲೂ ಅಷ್ಟೇ.

"ಟೀಚರ್, ನಿಮ್ಮ ಊಹೆ ಬಿತ್ತು," ಅಂದಳು ಯಾಕಮ್ಮ ಮುಖದ ತುಂಬ ಸಂತೋಷದಿಂದ.

"ಬೀಳ್ಲಿ ಬಿಡು. ನಿಂದೂ ಬಿತ್ತಲ್ಲ."

ಮಂಗಳವಾರ ಸಂಜೆ ಟೀಚರ್ ಮೆಟ್ಟಿಲು ಅಳೆಯಲು ತನ್ನ ಅಕ್ಕನ ಹತ್ತಿರ ಅಳತೆ ಟೇಪು ಕೇಳಿದಳು. ಅಕ್ಕ, ತಂಗಿ ಇಬ್ಬರೂ ಒಂದೇ ಮನೆಯಲ್ಲಿದ್ದರು. ಅಕ್ಕ ಟೈಲರು. ಬೀದಿ ಕಡೆಯ ಕೋಣೆಯೇ ಅವಳ ಅಂಗಡಿ. ನೆಲದ ತುಂಬ ಬಟ್ಟೆಯ ಚೂರು, ಬಾಯಿಯ ತುಂಬ ಗುಂಡುಸೂಜಿ.

"ಮೆಟ್ಟಿಲಿಗೆ ಬ್ಲೌಸ್ ಹೊಲಿಸ್ತೀಯೇನೇ?" ಅಂದಳು ಅಕ್ಕ ಸೂಜಿಗಳ ನಡುವಿನಿಂದಲೇ.

"ತಮಾಷೆ ಬೇಡ ಅಕ್ಕ. ಗಂಟೆಯಮ್ಮನ ಕೆಲಸ ಹೋಗೋ ಹಾಗಿದೆ. ಅಜಾಗರೂಕತೆಯಿಂದ ಬಿದ್ಲು ಅಂತ ಪುಸ್ತಕದಲ್ಲಿ ಬರೆದಿದೆ."

"ಅವಳು ಯಾಕೆ ಬಿದ್ಲು ಅಂತ ನೋಡದೇನೇ ಬಿಡಿಸಿಬಿಡ್ತಾರಾ? ಅಳೆಯದೆ ಯಾರಾದ್ರೂ ಕತ್ತರಿ ಹಾಕ್ತಾರಾ? ಯಾವ ಪುಣ್ಯಾತ್ಮರು ಬರೆದ್ರೋ ಅದನ್ನ."

ತಂಗಿ ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಬುಧವಾರ ಅಳೆದರು. ಒಂದು ಗುಂಪಿಗೆ ಕೊನೆಯ ಮೆಟ್ಟಿಲು ಹದಿನೆಂಟೂವರೆ ಸೆಂಟಿಮೀಟರ್ ಬಂತು, ಇನ್ನೊಂದಕ್ಕೆ ಹತ್ತೊಂಬತ್ತು. ಉಳಿದವು ಒಬ್ಬರಿಗೆ ಹದಿನಾರು, ಒಬ್ಬರಿಗೆ ಹದಿನೈದೂವರೆ. ಅಕ್ಕನ ಟೇಪು ವರ್ಷಗಟ್ಟಲೆ ಎಳೆಸಿಕೊಂಡು ಎಳೆಸಿಕೊಂಡು ಜೋಲುಬಿದ್ದಿತ್ತು. ಒಬ್ಬರು ಬಿಗಿಯಾಗಿ ಹಿಡಿದರೆ ಒಂದು ಅಳತೆ, ಸಡಿಲ ಬಿಟ್ಟರೆ ಇನ್ನೊಂದು.

"ಇದನ್ನ ಪೆನ್ನಲ್ಲಿ ಬರೆಯೋ ಹಾಗಿಲ್ಲ," ಅಂದಳು ಟೀಚರ್. "ಟೇಪೇ ಸುಳ್ಳು ಹೇಳ್ತಿದೆ."

"ನಮ್ಮ ಮಾವನ ಹತ್ರ ಸ್ಟೀಲ್ ಟೇಪಿದೆ," ಅಂದಳು ಯಾಕಮ್ಮ. "ಗಾರೆ ಮೇಸ್ತ್ರಿ ಅವರು. ಮೇಲೆ ಟೈಲ್ಸ್ ಹಾಕಿದ್ದೂ ಅವರೇ."

ಯಾಕಮ್ಮನ ಮಾವ ಮಧ್ಯಾಹ್ನ ಬಂದ. ಸಿಮೆಂಟಿನ ಪುಡಿ ಮೆತ್ತಿದ ಕೈ, ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲು. ಮಕ್ಕಳು ಆ ಪೆನ್ಸಿಲು ನೋಡಿ ಒಬ್ಬರಿಗೊಬ್ಬರು ಮೊಣಕೈ ತಿವಿದುಕೊಂಡರು. ಅವನು ಅಳೆಯಲಿಲ್ಲ, ಟೇಪನ್ನು ಯಾಕಮ್ಮನ ಕೈಗೆ ಕೊಟ್ಟು ಪಕ್ಕಕ್ಕೆ ನಿಂತ. ಮೂರು ಗುಂಪು, ಮೂರು ಸಲ. ಮೊದಲ ಹದಿನಾರು ಮೆಟ್ಟಿಲು ಹದಿನಾರು ಹದಿನಾರು ಸೆಂಟಿಮೀಟರ್. ಹದಿನೇಳನೆಯದು ಹತ್ತೊಂಬತ್ತು. ಮೂರು ಸಲವೂ ಹತ್ತೊಂಬತ್ತು.

"ಪೆನ್ನು!" ಅಂತ ಕೂಗಿದರು ಮಕ್ಕಳು. ಆ ಕೂಗಿಗೆ ಪಕ್ಕದ ತರಗತಿಯ ಪಾಠ ನಿಂತುಹೋಯಿತು.

ಮೇಸ್ತ್ರಿ ತಲೆ ಕೆರೆದುಕೊಂಡ. "ಇದು ಆಗುತ್ತೆ ಅಂತ ನಾನು ಆಗ್ಲೇ ಹೇಳಿದ್ದೆ ಮೇಡಂ. ಹಳೇ ನೆಲ ಕಿತ್ತು ಟೈಲ್ಸ್ ಹಾಕ್ಬೇಕು, ಇಲ್ಲದಿದ್ರೆ ಮಹಡಿ ನೆಲ ಮೇಲಕ್ಕೆ ಬರುತ್ತೆ, ಕೊನೇ ಮೆಟ್ಟಿಲು ಎತ್ತರ ಆಗುತ್ತೆ ಅಂದೆ. ರಜೆ ಮುಗೀತಾ ಬಂತು, ಕೀಳೋಕೆ ಟೈಮಿಲ್ಲ, ಅದರ ಮೇಲೇ ಹಾಕ್ಬಿಡು ಅಂದ್ರು ಹೆಡ್‌ಮಾಸ್ಟರ್ ಸಾಹೇಬ್ರು. ಹಾಕ್ದೆ. ಕಾಲು ಇದೆಯಲ್ಲ ಮೇಡಂ, ಅದು ಕಣ್ಣಿಗಿಂತ ಚುರುಕು. ಎರಡು ಮೆಟ್ಟಿಲು ಹತ್ತಿದ ಕೂಡ್ಲೆ ಅಳತೆ ಹಿಡ್ಕೊಳ್ಳುತ್ತೆ. ಆಮೇಲೆ ಕೊನೇವರೆಗೂ ಅಷ್ಟೇ ಎತ್ತುತ್ತೆ. ನಾವೇ ಮೋಸ ಮಾಡಿದ್ರೆ ಅದೇನು ಮಾಡುತ್ತೆ?"

ಟೀಚರ್ ಮೆಟ್ಟಿಲ ಮೇಲೇ ಕೂತುಬಿಟ್ಟಳು. ಇಪ್ಪತ್ತೊಂದು ವರ್ಷ ಹದಿನಾರರ ಅಳತೆ ಹಿಡಿದ ಕಾಲು. ಎರಡೂ ಕೈಯಲ್ಲಿ ಟ್ರೇ. ಟ್ರೇಯ ಕೆಳಗೆ ಕಾಲು ಕಾಣುವ ಮಾತೇ ಇಲ್ಲ. ಗಂಟೆಯಮ್ಮ ಬೀಳದೆ ಇನ್ನೇನು ಮಾಡಬೇಕಿತ್ತು?

ಯಾಕಮ್ಮ ಪಕ್ಕಕ್ಕೆ ಬಂದು ನಿಂತಳು. ಈ ಸಲ ದನಿ ತಗ್ಗಿತ್ತು.

"ಟೀಚರ್, ಬೆಳಿಗ್ಗೆ ಹೊಸ ಹಾಳೆಗೆ ಗೆರೆ ಹಾಕೋದಕ್ಕೆ ಅಂತ ಒಡೆದ ಸಾಮಾನಿನ ಪುಸ್ತಕ ಕೊಟ್ಟಿದ್ರಲ್ಲ. ಅದರಲ್ಲಿ ಕಾರಣ ಅಂತ ಒಂದು ಬರೆದಿದೆ. ಪೆನ್ನಲ್ಲಿ."

"ಹೌದು."

"ಅದನ್ನ ಅಳೆದಿದ್ರಾ ಟೀಚರ್?"

ಆ ಮಗುವಿಗೆ ಚುಚ್ಚುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಕಟ್ಟಳೆ ಕಲಿಸಿದವರ ಹತ್ತಿರ ಕಟ್ಟಳೆಯನ್ನು ಕೇಳುತ್ತಿದ್ದಳು, ಅಷ್ಟೇ. ಟೀಚರ್‌ಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಬೈದು ಕೂರಿಸಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು.

"ಇಲ್ಲ," ಅಂದಳು. "ಅಳೆದಿರ್ಲಿಲ್ಲ. ಸಿಟ್ಟಲ್ಲಿ ಬರೆದೆ."

ಅವತ್ತು ಶಾಲೆ ಬಿಟ್ಟ ಮೇಲೆ ನೇರ ಗಂಟೆಯಮ್ಮನ ಮನೆಗೆ ಹೋದಳು. ಒಂದೇ ಕೋಣೆ, ಒಂದು ಕಿಟಕಿ, ಗೋಡೆಗೆ ಒರಗಿಸಿದ ಮಡಿಸುವ ಮಂಚ. ಗಂಟೆಯಮ್ಮ ಕೈಗೆ ಪ್ಲಾಸ್ಟರ್ ಹಾಕಿಕೊಂಡು ನೆಲದ ಕಲ್ಲಿನ ಸಾಲು ಹಿಡಿದು ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದಳು. ಬಾಯಲ್ಲಿ ಲೆಕ್ಕ, ಒಂದು, ಎರಡು, ಮೂರು.

"ಏನಮ್ಮ ಇದು?"

"ಕಾಲಿಗೆ ಅಭ್ಯಾಸ ಮಾಡಿಸ್ತಿದ್ದೀನಿ ಟೀಚರಮ್ಮ. ಈ ಸಲ ರಜೆ ಮುಗಿದು ಶಾಲೆ ಶುರುವಾದಾಗಿಂದ ಎಡವ್ತಾನೇ ಇದ್ದೆ. ಹೇಳಿದ್ರೆ ವಯಸ್ಸಾಯ್ತು ಅಂತ ಮನೆಗೆ ಕಳಿಸ್ತಾರೆ ಅಂತ ಬಾಯಿ ಮುಚ್ಕೊಂಡಿದ್ದೆ. ಕೊನೆಗೆ ನಿಮ್ಮ ಗಾಜೇ ಬೇಕಿತ್ತಾ ನನಗೆ ಒಡೆಯೋಕೆ?" ಅವಳು ಮಂಚದ ಅಂಚಿಗೆ ಕೂತಳು. "ಆಫೀಸಿನ ಗುಮಾಸ್ತ ನೋಡೋಕೆ ಬಂದಿದ್ದ. ನೀವು ಅಜಾಗರೂಕತೆ ಅಂತ ಬರೆದಿದ್ದೀರಿ ಅಂದ. ಮೊದಲು ಬೇಜಾರಾಯ್ತು. ಆಮೇಲೆ ಅಂದ್ಕೊಂಡೆ, ಓದಿದವರು, ಯೋಚ್ನೆ ಮಾಡೇ ಬರೆದಿರ್ತಾರೆ. ನನ್ನ ಕಾಲು ಸತ್ತಿದೆ, ನನಗೇ ಗೊತ್ತಾಗಿಲ್ಲ ಅಂತ."

ಟೀಚರ್ ಅವಳ ಪಕ್ಕ ಕೂತಳು. ಬಂದದ್ದು ಸಮಾಧಾನ ಹೇಳಲು. ಈಗ ನೋಡಿದರೆ ತಾನು ಬರೆದ ಒಂದು ಪದವನ್ನು ಈ ಹೆಂಗಸು ಐದು ದಿನದಿಂದ ಒಪ್ಪಿಕೊಂಡು, ಗಟ್ಟಿಮುಟ್ಟಾದ ಕಾಲಿಗೆ ನಡೆಯುವುದನ್ನು ಹೊಸದಾಗಿ ಕಲಿಸುತ್ತಿದ್ದಾಳೆ.

"ನಿಮ್ಮ ಕಾಲಿಗೆ ಏನೂ ಆಗಿಲ್ಲ," ಅಂದಳು. "ಆ ಮೆಟ್ಟಿಲೇ ಮೂರು ಸೆಂಟಿಮೀಟರ್ ಎತ್ತರ. ಮಕ್ಕಳು ಅಳೆದಿದ್ದಾರೆ."

ಗಂಟೆಯಮ್ಮ ಅವಳನ್ನೇ ನೋಡಿದಳು. ನಂಬಿದ ಹಾಗೆ ಕಾಣಲಿಲ್ಲ. "ನನಗೆ ಬೇಜಾರಾಗಬಾರ್ದು ಅಂತ ಹೇಳ್ತಿದ್ದೀರಿ," ಅಂದಳು.

ಆ ಮಾತು ಕೇಳಿದ ಮೇಲೆ ಟೀಚರ್ ಪಟ್ಟು ಹಿಡಿದಳು. ಬಾಯಲ್ಲಿ ಹೇಳಿದರೆ ಆಗುವ ಕೆಲಸ ಇದಲ್ಲ. ಬರೆದದ್ದನ್ನು ಬರೆದೇ ತಿದ್ದಬೇಕು, ಅದೂ ಎಲ್ಲರ ಎದುರಿಗೆ.

ಗುರುವಾರ ಹೆಡ್‌ಮಾಸ್ಟರ ಮುಂದೆ ಮಕ್ಕಳ ಅಳತೆಯ ಹಾಳೆ ಇಟ್ಟಳು. ಅವರು ಕನ್ನಡಕ ಏರಿಸಿ ಓದಿದರು, ಕನ್ನಡಕ ಇಳಿಸಿ ನಕ್ಕರು.

"ಮೂರು ಸೆಂಟಿಮೀಟರು! ಎರಡು ಬೆರಳಗಲ ಇಲ್ಲ. ನಾನು ದಿನಾ ಹತ್ತು ಸಲ ಹತ್ತಿ ಇಳೀತೀನಿ. ಒಂದು ದಿನ ಎಡವಿಲ್ಲ."

"ಗೊತ್ತು ಸಾರ್. ಎರಡು ದಿನದಲ್ಲಿ ನೀವು ಹದಿನೆಂಟು ಸಲ ಹತ್ತಿದ್ದೀರಿ, ಮಕ್ಕಳು ಬರೆದಿಟ್ಟಿದ್ದಾರೆ. ಹದಿನಾರನೇ ಮೆಟ್ಟಿಲವರೆಗೂ ನಿಮ್ಮ ಕೈ ಜೇಬಲ್ಲಿ. ಹದಿನೇಳನೇದಕ್ಕೆ ಬಂದ ಕೂಡ್ಲೆ ಹದಿನೆಂಟು ಸಲಾನೂ ಪಕ್ಕದ ಕಂಬಿ ಹಿಡಿದಿದ್ದೀರಿ. ನಿಮ್ಮ ಕೈಗೆ ಗೊತ್ತು ಸಾರ್, ನಿಮಗೇ ಗೊತ್ತಿಲ್ಲ. ಗಂಟೆಯಮ್ಮನಿಗೆ ಖಾಲಿ ಕೈ ಇರ್ಲಿಲ್ಲ, ಅಷ್ಟೇ."

ಹೆಡ್‌ಮಾಸ್ಟರು ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಂಡರು. ನಗು ಹೋಗಿತ್ತು. ಆ ಟೈಲ್ಸ್ ಅವರ ಮಗುವಿನ ಹಾಗೆ. ಅದಕ್ಕೆ ಕುಂದು ಹೇಳಿದರೆ ಯಾವ ತಂದೆ ಸುಮ್ಮನಿರುತ್ತಾನೆ?

"ನೋಡಿ ಮೇಡಂ, ಪುಸ್ತಕದಲ್ಲಿ ಬರೆದಾಗಿದೆ, ನಿಮ್ಮದೇ ಸಹಿ ಇದೆ. ನೀವು ಖಾಯಂ ಆಗೋ ವಿಚಾರಾನೂ ನಾಳೆ ಸಭೆಯಲ್ಲೇ ಬರುತ್ತೆ. ಮೊನ್ನೆ ಒಂದು ಬರೆದು ಇವತ್ತು ಒಂದು ಹೇಳೋ ಟೀಚರ್ ಅಂತ ಅನ್ನಿಸ್ಕೋಬೇಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ."

"ಅನ್ನಲಿ ಬಿಡಿ ಸಾರ್," ಅಂದು ಅವಳು ಹಾಳೆ ಎತ್ತಿಕೊಂಡಳು. ಆರು ವರ್ಷದಿಂದ ಖಾಯಂ ಆಗುವುದಕ್ಕೆ ಕಾದಿದ್ದಳು, ಭಯವಾಗದೆ ಇರುತ್ತದೆಯೇ? ಭಯ ಆಯಿತು. ಅದರ ಜೊತೆಗೇ ತರಗತಿಗೆ ಹೋಗಿ, ಶುಕ್ರವಾರ ಬೆಳಿಗ್ಗೆ ಎಣಿಸಲು ಯಾರು ಯಾರು ಕೂರಬೇಕು ಅಂತ ಪಟ್ಟಿ ಮಾಡಿದಳು.

ಸಭೆ ನಡೆಯುವುದು ಹೆಡ್‌ಮಾಸ್ಟರ ಕೋಣೆಯಲ್ಲಿ. ಅಲ್ಲಿಗೆ ಹೋಗಲು ಇರುವುದು ಅದೊಂದೇ ಮೆಟ್ಟಿಲು. ಮಂಡಳಿಯ ಐದೂ ಜನ ಹತ್ತಲೇಬೇಕು. ಯಾಕಮ್ಮ ಮತ್ತು ಇನ್ನೂ ಮೂವರು ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಬಹಳ ಓದುವ ಮಕ್ಕಳ ಹಾಗೆ ಮುಖ ಮಾಡಿಕೊಂಡು, ಪಕ್ಕದಲ್ಲಿ ಕೂತಿದ್ದರು.

ಅಧ್ಯಕ್ಷರು ಬೆಳ್ಳಿ ಕೂದಲಿನ ಹೆಂಗಸು, ನಿವೃತ್ತ ನರ್ಸು, ಮಾತು ಕಡಿಮೆ. ಗಂಟೆಯಮ್ಮನ ವಿಷಯ ಬಂದಾಗ ಹೆಡ್‌ಮಾಸ್ಟರು ಪುಸ್ತಕ ಬಿಚ್ಚಿ ಆ ಸಾಲು ಓದಿದರು. ಅಧ್ಯಕ್ಷರು ಬಾಗಿಲ ಬಳಿ ನಿಂತಿದ್ದ ಟೀಚರ್ ಕಡೆ ತಿರುಗಿದರು.

"ಬರೆದವರು ನೀವೇನಮ್ಮ?"

"ನಾನೇ. ಅದರ ಬಗ್ಗೆ ಮಾತಾಡ್ಬೇಕು. ಅದಕ್ಕೆ ಮೊದಲು ಇದನ್ನ ಓದ್ತೀನಿ." ಅವಳು ಯಾಕಮ್ಮ ಕೊಟ್ಟ ಹಾಳೆ ತೆಗೆದಳು. "ಇವತ್ತು ಬೆಳಿಗ್ಗೆ ಮಂಡಳಿಯ ಐದು ಜನ ಮೆಟ್ಟಿಲು ಹತ್ತಿದ್ದಾರೆ. ಹದಿನೇಳನೇ ಮೆಟ್ಟಿಲಲ್ಲಿ ಮೂರು ಜನ ಎಡವಿದ್ದಾರೆ. ಇಬ್ಬರು ಕಂಬಿ ಹಿಡಿದಿದ್ದಾರೆ. ಮಿಕ್ಕ ಹದಿನಾರು ಮೆಟ್ಟಿಲಲ್ಲಿ ಯಾರೂ ಎಡವಿಲ್ಲ, ಯಾರೂ ಕಂಬಿ ಮುಟ್ಟಿಲ್ಲ. ಅಧ್ಯಕ್ಷರು ಎಡವಿದಾಗ, 'ವಯಸ್ಸಾಯ್ತಪ್ಪ' ಅಂದಿದ್ದಾರೆ."

ಒಬ್ಬರು ಕೆಮ್ಮಿದರು. ಅಧ್ಯಕ್ಷರ ಹುಬ್ಬು ಮೇಲೆ ಹೋಯಿತು.

"ಅದನ್ನೂ ಬರ್ಕೊಂಡಿದ್ದಾರಾ?"

"ಕೇಳಿಸಿದ್ದನ್ನ ಬರ್ಕೊಂಡಿದ್ದಾರೆ. ನಿಮಗೆ ವಯಸ್ಸಾಗಿದ್ದಕ್ಕೆ ಎಡವಿದ್ದಲ್ಲ. ಹದಿಮೂರು ವರ್ಷದವರೂ ಅಲ್ಲೇ ಎಡವ್ತಾರೆ. ಆ ಮೆಟ್ಟಿಲು ಮೂರು ಸೆಂಟಿಮೀಟರ್ ಎತ್ತರ ಇದೆ. ನಿಮ್ಮ ಕೈಯಲ್ಲಿ ಗಾಜಿನ ಟ್ರೇ ಇದ್ದಿದ್ರೆ ಇವತ್ತು ನೀವೂ ಪ್ಲಾಸ್ಟರ್ ಹಾಕಿಸ್ಕೊಂಡಿರ್ತಿದ್ರಿ." ಅವಳು ಮೇಜಿನ ಹತ್ತಿರ ಬಂದಳು. "ನಾನು ಮಕ್ಕಳಿಗೆ ಅಳೆಯದೆ ಬರೆಯಬೇಡಿ ಅಂತ ಕಲಿಸ್ತೀನಿ. ನಾನೇ ಅಳೆಯದೆ ಬರೆದೆ. ಅದು ನನ್ನ ತಪ್ಪು. ಆ ತಪ್ಪಿನ ಮೇಲೆ ನೀವು ಒಬ್ಬರ ಕೆಲಸ ತೆಗೀಬಾರದು."

ಪುಸ್ತಕ ತನ್ನ ಕಡೆ ತಿರುಗಿಸಿಕೊಂಡು, ನೀಲಿ ಪೆನ್ನು ತೆಗೆದು, 'ಆಯಾಳ ಅಜಾಗರೂಕತೆ' ಅನ್ನುವುದರ ಮೇಲೆ ಒಂದೇ ಒಂದು ಗೆರೆ ಎಳೆದಳು. ಪಕ್ಕದಲ್ಲಿ ಬರೆದಳು: ಕಾರಣ, ಹದಿನೇಳನೇ ಮೆಟ್ಟಿಲು ಮೂರು ಸೆಂಟಿಮೀಟರ್ ಎತ್ತರ. ಅಳೆದವರು ಎಂಟನೇ ತರಗತಿ. ಮೊದಲು ಬರೆದದ್ದು ಅಳೆಯದೆ ಬರೆದದ್ದು. ಸಹಿ ಹಾಕಿ, ತಾರೀಖು ಹಾಕಿದಳು.

ಅಧ್ಯಕ್ಷರು ಎದ್ದರು. ಹೊರಗೆ ಹೋಗಿ, ಆರು ಮೆಟ್ಟಿಲು ಇಳಿದು, ಮತ್ತೆ ಹತ್ತಿ ಬಂದರು. ಈ ಸಲ ಎಡವಲಿಲ್ಲ, ಆದರೆ ಕೊನೆಯ ಮೆಟ್ಟಿಲ ಮುಂದೆ ಒಂದು ಗಳಿಗೆ ನಿಂತರು.

"ಇದನ್ನ ಸರಿ ಮಾಡೋಕೆ ಮತ್ತೆ ಟೈಲ್ಸ್ ಎಲ್ಲಾ ಕೀಳ್ಬೇಕಾ?" ಅಂತ ಕೇಳಿದರು.

ಹೆಡ್‌ಮಾಸ್ಟರ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಬಾಗಿಲಿನಿಂದ ಯಾಕಮ್ಮನ ದನಿ ಬಂತು. "ಬೇಡ ಮೇಡಂ! ನಾವು ಲೆಕ್ಕ ಹಾಕಿದ್ದೀವಿ. ಮೂರು ಸೆಂಟಿಮೀಟರನ್ನ ಕೊನೇ ಆರು ಮೆಟ್ಟಿಲಿಗೆ ಅರ್ಧರ್ಧ ಹಂಚಿದ್ರೆ ಸಾಕು. ಒಂದೊಂದು ಹದಿನಾರೂವರೆ ಆಗುತ್ತೆ. ಅಷ್ಟು ಕಾಲಿಗೆ ಗೊತ್ತಾಗಲ್ಲ ಅಂದ್ರು ನಮ್ಮ ಮಾವ."

"ಮಾವ ಅಂದ್ರಂತೆ," ಅಂದರು ಅಧ್ಯಕ್ಷರು, ಮೊದಲ ಸಲ ನಕ್ಕು. "ಹಾಗಾದ್ರೆ ನಿಮ್ಮ ಮಾವನ್ನೇ ಕರೆಸೋಣ."

ಗಂಟೆಯಮ್ಮನ ಕೆಲಸ ಉಳಿಯಿತು. ಟೀಚರ್ ಖಾಯಂ ಆಗುವ ವಿಚಾರ ಮುಂದಿನ ಸಭೆಗೆ ಹೋಯಿತು. ಪುಸ್ತಕದಲ್ಲಿ ಅಜಾಗರೂಕತೆಯಿಂದ ಬರೆದದ್ದಕ್ಕೆ ಒಂದು ಎಚ್ಚರಿಕೆಯ ಪತ್ರವೂ ಬಂತು. ಅದೇ ಪದ, ಈಗ ಅವಳ ಹೆಸರಿನ ಮುಂದೆ. ಅವಳು ಓದಿದಳು. ಈ ಸಲ ಅದು ಸರಿಯಾದ ಜಾಗದಲ್ಲೇ ಇದೆ ಅಂದುಕೊಂಡು ಪತ್ರವನ್ನು ಮಡಿಸಿ ಚೀಲಕ್ಕೆ ಹಾಕಿದಳು.

ಆರು ವಾರ ಕಳೆದು ಪ್ಲಾಸ್ಟರ್ ಬಿಚ್ಚಿಸಿಕೊಂಡು ಗಂಟೆಯಮ್ಮ ಬಂದಳು. ಮೆಟ್ಟಿಲು ಸರಿಯಾಗಿತ್ತು. ಹೊಸ ಗಾಜಿನ ಸಾಮಾನು, ಮೊದಲಿನ ಅರ್ಧದಷ್ಟು, ಆಫೀಸಿನ ಮೇಜಿನ ಮೇಲೆ ಟ್ರೇಯಲ್ಲಿತ್ತು. ಅದನ್ನು ಮೇಲಕ್ಕೆ ಒಯ್ಯಲು ಮಕ್ಕಳು ನಾ ಮುಂದು ತಾ ಮುಂದು ಅಂತ ನಿಂತಿದ್ದರು. ಟೀಚರ್ ಯಾರಿಗೂ ಕೊಟ್ಟಿರಲಿಲ್ಲ.

ಗಂಟೆಯಮ್ಮ ಟ್ರೇ ನೋಡಿದಳು, ಕೈ ಹಿಂದಕ್ಕೆ ಎಳೆದುಕೊಂಡಳು. "ಬೇಡ ಟೀಚರಮ್ಮ. ನನ್ನ ಕಾಲಿನ ಮೇಲೆ ನನಗೇ ನಂಬಿಕೆ ಇಲ್ಲ."

ಟೀಚರ್ ಒಡೆದ ಸಾಮಾನಿನ ಪುಸ್ತಕ ತಂದು ಬಿಚ್ಚಿ ಹಿಡಿದಳು. ಗಂಟೆಯಮ್ಮನಿಗೆ ಅಕ್ಷರ ನಿಧಾನ. ಬೆರಳಿಟ್ಟುಕೊಂಡು, ಮಣಮಣ ಅನ್ನುತ್ತಾ ಹೊಸ ಸಾಲನ್ನು ಓದಿದಳು. ಆಮೇಲೆ ಬೆರಳು ಹಿಂದಕ್ಕೆ ಬಂದು ಗೆರೆ ಎಳೆದ ಪದದ ಮೇಲೆ ನಿಂತಿತು.

"ಇದು ಇನ್ನೂ ಕಾಣ್ತಿದೆಯಲ್ಲ. ಪೂರ್ತಿ ಅಳಿಸಿಬಿಡಬಾರದಿತ್ತಾ?"

"ಕಾಣ್ಬೇಕಮ್ಮ. ಅಳಿಸಿದ್ರೆ ನಾನು ತಪ್ಪು ಮಾಡಿದ್ದೇ ಅಳಿಸಿಹೋಗುತ್ತೆ. ಅದು ಈಗ ನಿಮ್ಮದಲ್ಲ, ನನ್ನದು."

ಗಂಟೆಯಮ್ಮ ಬೆರಳನ್ನು ಮತ್ತೆ ಹೊಸ ಸಾಲಿಗೆ ತಂದಳು. "ಇದನ್ನೂ ಪೆನ್ನಲ್ಲೇ ಬರೆದಿದ್ದೀರಾ?" ಅಂತ ಕೇಳಿದಳು.

"ಪೆನ್ನಲ್ಲೇ."

ಅವಳು ಸೆರಗಿಗೆ ಎರಡೂ ಕೈ ಒರೆಸಿಕೊಂಡು ಟ್ರೇ ಎತ್ತಿದಳು. ಮೂವತ್ತನಾಲ್ಕು ಮಕ್ಕಳು ಮೆಟ್ಟಿಲ ಪಕ್ಕ ಉಸಿರು ಬಿಗಿಹಿಡಿದು ನಿಂತರು. ಗಂಟೆಯಮ್ಮ ಕೆಳಗೆ ನೋಡಲಿಲ್ಲ, ಕಾಲಿಗೆ ಲೆಕ್ಕ ಹೇಳಿಕೊಡಲೂ ಇಲ್ಲ. ಹದಿನೇಳೂ ಹತ್ತಿ, ಟ್ರೇಯನ್ನು ಪ್ರಯೋಗಶಾಲೆಯ ಮೇಜಿನ ಮೇಲಿಟ್ಟು, ಗೋಡೆಯ ಗಡಿಯಾರ ನೋಡಿ, "ಅಯ್ಯೋ, ಟೈಮಾಯ್ತು!" ಅನ್ನುತ್ತಾ ಗಂಟೆ ಹೊಡೆಯಲು ಕೆಳಗಿಳಿದಳು.